ಕ್ಯಾಮೆರಾಗೆ ಟಿಕಳಿ ಹಚ್ಚಿದ ವರ್ಷ

ಈ ವರ್ಷ ಜೂನ್‌ನಲ್ಲಿ ಮಿರಗದ ಮಳೆ ಹಿಡಿದ ವಾರವೇ ಇಂಡಿ ಪಟ್ಟಣದ ನಮ್ಮ ಶಾಲೆಗೆ ಹೊಸ ಕಂಪ್ಯೂಟರುಗಳು ಬಂದವು. ಪೆಟ್ಟಿಗೆಯ ಟೇಪನ್ನು ಕತ್ತರಿಯಿಂದ ಸೀಳಿ ಥರ್ಮಾಕೋಲನ್ನು ಎಳೆದದ್ದೇ ತಡ, ಆ ವಾಸನೆ ಬಂತು. ಹೊಸ ಪ್ಲಾಸ್ಟಿಕ್ಕು, ರಟ್ಟು, ಅವುಗಳ ಜೊತೆಗೆ ಕಿಟಕಿಯಿಂದ ನುಗ್ಗಿದ ಹಸಿ ಎರೆಮಣ್ಣಿನ ವಾಸನೆ. ಕತ್ತರಿ ಹಿಡಿದುಕೊಂಡೇ ನಿಂತುಬಿಟ್ಟೆ. ಕೊಲ್ಹಾರದ ಹತ್ತಿರದ ಆ ಹೈಸ್ಕೂಲು, ಅಲ್ಲಿ ನಾನು ಕಳೆದ ಒಂದೇ ಒಂದು ವರ್ಷ, ಇದ್ದಕ್ಕಿದ್ದಂತೆ ಕಣ್ಣ ಮುಂದೆ ಬಂದವು. ಆ ಶಾಲೆಯ ಹೆಸರು ಇಲ್ಲಿ ಬೇಡ. ಅಲ್ಲಿದ್ದವರು ಯಾರೂ ಕೆಟ್ಟವರಲ್ಲ. ಇದ್ದುದರಲ್ಲಿ ಹೆಚ್ಚು ತಪ್ಪು ಮಾಡಿದವಳು ನಾನೇ.

ಆಗ ನನಗೆ ಇಪ್ಪತ್ನಾಲ್ಕು. ಊರು ಸಿಂದಗಿ. ಅತಿಥಿ ಶಿಕ್ಷಕಿಯಾಗಿ ಸಿಕ್ಕ ಮೊದಲ ಕೆಲಸ ಅದು. ಗಣಿತ ಹೇಳಿಕೊಡುತ್ತಿದ್ದೆ. ಬಾಡಿಗೆಗೆ ಹಿಡಿದ ಒಂದು ಕೋಣೆಯ ಕಿಟಕಿಯಿಂದ ಕೃಷ್ಣೆಯ ಹಿನ್ನೀರು ಕಾಣುತ್ತಿತ್ತು. ಜೂನ್‌ನಲ್ಲಿ ದೂರದಲ್ಲೆಲ್ಲೋ ಬೆಳ್ಳಗೆ ಗೆರೆಯಂತಿದ್ದ ನೀರು ಆಗಸ್ಟ್ ಹೊತ್ತಿಗೆ ಜಾಲಿ ಗಿಡಗಳ ಬುಡಕ್ಕೆ ಬಂದು ನಿಂತಿತು. ಮಕ್ಕಳು ಶಾಲೆಗೆ ಬರುವಾಗ ಗೊಬ್ಬರದ ಚೀಲವನ್ನು ಕೊಪ್ಪೆ ಮಾಡಿ ತಲೆಯ ಮೇಲೆ ಹಾಕಿಕೊಂಡು, ಚಪ್ಪಲಿ ಕೈಯಲ್ಲಿ ಹಿಡಿದು, ಕೆಸರಲ್ಲಿ ಪಚಪಚ ಎನ್ನುತ್ತ ಬರುತ್ತಿದ್ದರು.

ಅಂಥ ಒಂದು ಮಳೆಯ ದಿನ ಟೆಂಪೊದಲ್ಲಿ ಪೆಟ್ಟಿಗೆಗಳು ಬಂದವು. ದಾನಿಗಳ ಸಂಸ್ಥೆಯೊಂದು ಒಂಬತ್ತನೇ ತರಗತಿಯ ಮೂವತ್ತೂ ಮಕ್ಕಳಿಗೆ ಲ್ಯಾಪ್‌ಟಾಪ್ ಕೊಟ್ಟಿತ್ತು. ಮನೆಗೂ ಒಯ್ಯಬಹುದಿತ್ತು. ಇಂಟರ್ನೆಟ್ಟಿನ ಸಿಮ್ ಒಳಗೇ ಇತ್ತು. ಮಕ್ಕಳು ಕೊಪ್ಪೆಗಳನ್ನು ತಮ್ಮ ತಲೆಯಿಂದ ತೆಗೆದು ಲ್ಯಾಪ್‌ಟಾಪಿಗೆ ಹೊದಿಸಿ, ತಾವು ತೊಯ್ದುಕೊಂಡು ಮನೆಗೆ ಓಡಿದ್ದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಮರುದಿನ ನೋಡಿದರೆ ಅರ್ಧಕ್ಕರ್ಧ ಲ್ಯಾಪ್‌ಟಾಪುಗಳ ಮೇಲೆ ಅರಿಶಿನ ಕುಂಕುಮ. ತರಗತಿಯಲ್ಲಿ ಎಲ್ಲರನ್ನೂ ನಗಿಸುತ್ತಿದ್ದ ಮಲ್ಲು ಎಂಬ ಹುಡುಗನ ಲ್ಯಾಪ್‌ಟಾಪಿನ ಸಂದಿಯಲ್ಲಿ ತೆಂಗಿನಕಾಯಿಯ ನಾರು ಸಿಕ್ಕಿಕೊಂಡಿತ್ತು.

"ಕಾಯಿ ಇದರ ಮ್ಯಾಲೆ ಒಡದೀಯೇನೋ?" ಎಂದು ಕೇಳಿದೆ.

"ಇಲ್ರಿ ಅಕ್ಕೋರ, ಬಾಜೂಕ ಒಡದೇವ್ರಿ," ಎಂದ.

ಅವುಗಳನ್ನು ಜೋಡಿಸಲು ವಿಜಯಪುರದಿಂದ ಬಂದಿದ್ದ ಕಂಪನಿಯ ಯುವಕ ನನಗೂ ಒಂದು ಲ್ಯಾಪ್‌ಟಾಪ್ ಕೊಟ್ಟ. ಅದನ್ನು ತೆರೆದರೆ ಪರದೆಯ ತುಂಬ ಚಿಕ್ಕ ಚಿಕ್ಕ ಚೌಕಗಳು. ಒಂದೊಂದು ಚೌಕದಲ್ಲೂ ಒಬ್ಬೊಬ್ಬ ವಿದ್ಯಾರ್ಥಿ ಆ ಕ್ಷಣ ತನ್ನ ಲ್ಯಾಪ್‌ಟಾಪಿನಲ್ಲಿ ಏನು ಮಾಡುತ್ತಿದ್ದಾನೆ ಎಂಬುದು ಕಾಣುತ್ತಿತ್ತು. ಅಷ್ಟೇ ಅಲ್ಲ, ಲ್ಯಾಪ್‌ಟಾಪ್ ಚಾಲೂ ಇದ್ದಷ್ಟು ಹೊತ್ತು ಅದರ ಕ್ಯಾಮೆರಾ ಕಾಲು ತಾಸಿಗೊಮ್ಮೆ ತಾನಾಗಿಯೇ ಒಂದು ಫೋಟೊ ತೆಗೆದು ನನಗೆ ಕಳಿಸುತ್ತಿತ್ತು. ಮಗು ಓದಲು ಕೂತಿದೆಯೋ ಇಲ್ಲವೋ ನೋಡುವುದಕ್ಕೆ. ಮಕ್ಕಳಿಗೆ ಇದನ್ನು ಯಾರೂ ಹೇಳಲಿಲ್ಲ. ತಂದೆತಾಯಿಗಳು ಸಹಿ ಮಾಡಿದ ಕಾಗದದಲ್ಲಿ ಇತ್ತಂತೆ, ಇಂಗ್ಲಿಷಿನಲ್ಲಿ.

ಹೆಡ್‌ಮಾಸ್ತರಿಗೆ ತುಂಬ ಸಂತೋಷವಾಯಿತು. ನಿವೃತ್ತಿಗೆ ಎರಡು ವರ್ಷ ಉಳಿದಿದ್ದ, ಶಿಸ್ತಿನ ಮನುಷ್ಯ ಅವರು. "ಟೀಚರ್, ಇಂಟರ್ನೆಟ್ ಅಂದ್ರ ಬಾವಿ ಇದ್ದಂಗ. ಹುಡುಗ್ರು ಬೀಳದಂಗ ಒಬ್ರು ನೋಡ್ಕೊಂಡಿರಬೇಕು. ನಿಮಗ ಕಂಪ್ಯೂಟರ್ ಬರ್ತೈತಿ. ಸಂಜಿಕ್ಕ ಐದರಿಂದ ಏಳು, ಅದು ನಿಮ್ಮ ಡ್ಯೂಟಿ," ಎಂದರು.

ನಾನು ಒಪ್ಪಿದೆ. ಇಷ್ಟವಿಲ್ಲದೆ ಒಪ್ಪಿದೆ ಎಂದು ಈಗ ಹೇಳಿಕೊಂಡರೆ ಅದು ಸುಳ್ಳು. ಗೊತ್ತಿರುವವರಿಲ್ಲದ ಊರಲ್ಲಿ ಸಂಜೆಗಳು ಉದ್ದವಾಗಿದ್ದವು. ಚಹಾ ಕುದಿಸಿಕೊಂಡು, ಚುರುಮುರಿ ತಿನ್ನುತ್ತ, ಆ ಚೌಕಗಳನ್ನು ನೋಡುತ್ತ ಕೂತರೆ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ. ಮಲ್ಲು ತನ್ನ ಹೆಸರನ್ನು ಬಗೆಬಗೆಯ ಬಣ್ಣಗಳಲ್ಲಿ ಬರೆಯುತ್ತಿದ್ದ. ಒಬ್ಬಳು ಅರ್ಧ ಲೆಕ್ಕ ಮಾಡಿ, ಉಳಿದರ್ಧ ಹೊತ್ತು ರಂಗೋಲಿಯ ಚಿತ್ರ ಹುಡುಕುತ್ತಿದ್ದಳು. ಫೋಟೊಗಳಲ್ಲಿ ಮಕ್ಕಳ ಹಿಂದೆ ಮನೆಗಳು ಕಾಣುತ್ತಿದ್ದವು. ಒಲೆ, ಜೋಳದ ಚೀಲ, ತೂಗುಹಾಕಿದ ಉಳ್ಳಾಗಡ್ಡಿ, ತಲೆ ತೊಳೆದು ಕೂದಲು ಬಿಟ್ಟುಕೊಂಡು ಓಡಾಡುವ ತಾಯಂದಿರು, ಜಗಳವಾಡಿ ಮುಖ ತಿರುಗಿಸಿ ಕೂತ ಗಂಡಹೆಂಡಿರು. ಮುಜುಗರವೆನಿಸಿದಾಗ ಕಣ್ಣು ಬೇರೆ ಕಡೆ ಹೊರಳಿಸುತ್ತಿದ್ದೆ. ಆದರೆ ಲ್ಯಾಪ್‌ಟಾಪ್ ಮುಚ್ಚುತ್ತಿರಲಿಲ್ಲ.

ಹೀಗೆ ಎರಡು ತಿಂಗಳು ನಡೆಯಿತು. ಎಲ್ಲ ತಿರುಗಿಬಿದ್ದದ್ದು ನನ್ನದೇ ಒಂದು ಮಾತಿನಿಂದ.

ಭಾಗ್ಯಶ್ರೀ ಆ ತರಗತಿಯ ಜಾಣ ಹುಡುಗಿ. ಮಾತು ಕಡಿಮೆ. ಮೊದಲ ಬೆಂಚಿನ ತುದಿಯಲ್ಲಿ ಕೂತು, ಬಾಯಿಲೆಕ್ಕ ಕೇಳಿದರೆ ಎಲ್ಲರಿಗಿಂತ ಮೊದಲು ಉತ್ತರ ಹೇಳುತ್ತಿದ್ದಳು. ಅವರ ಮನೆಯಲ್ಲಿ ಎಮ್ಮೆ ಸಾಕಿ, ಮಣ್ಣಿನ ಗಡಿಗೆಯಲ್ಲಿ ಮೊಸರು ಹೆಪ್ಪು ಹಾಕಿ ಮಾರುತ್ತಿದ್ದರು. ಆಗಸ್ಟ್‌ನ ಒಂದು ಮುಂಜಾನೆ ಅವಳು ಮನೆಲೆಕ್ಕ ಮಾಡಿಕೊಂಡು ಬಂದಿರಲಿಲ್ಲ. ಹಿಂದಿನ ಸಂಜೆಯಷ್ಟೇ ನಾನು ಫೋಟೊದಲ್ಲಿ, ಅವಳ ಬೆನ್ನ ಹಿಂದೆ ಪಡಸಾಲೆಯಲ್ಲಿ, ಗೋಣಿಚೀಲ ಹೊದ್ದು ಮಲಗಿದ್ದ ಪುಟ್ಟ ಕರು ನೋಡಿದ್ದೆ. ಸಲಿಗೆಯಿಂದ, "ಏನವಾ, ಎಮ್ಮಿ ಕರಾ ಹಾಕಿದ ಖುಷಿಯೊಳಗ ಲೆಕ್ಕ ಮರತೇನು?" ಎಂದುಬಿಟ್ಟೆ.

ಅವಳು ತಲೆಯೆತ್ತಿದಳು. "ನಿಮಗ ಹ್ಯಾಂಗ ಗೊತ್ತಾತ್ರಿ ಅಕ್ಕೋರ? ನಿನ್ನೆ ಸಂಜೀಗೆ ಹಾಕೈತಿ. ನಾ ಇನ್ನೂ ಯಾರಿಗೂ ಹೇಳಿಲ್ರಿ."

ಅವಳು ನನ್ನನ್ನೇ ನೋಡಿದಳು, ಆಮೇಲೆ ಬೆಂಚಿನ ಮೇಲಿದ್ದ ಲ್ಯಾಪ್‌ಟಾಪನ್ನು ನೋಡಿದಳು, ಅದರ ಪರದೆಯ ಮೇಲಂಚಿನ ಆ ಚಿಕ್ಕ ಗಾಜಿನ ಚುಕ್ಕೆಯನ್ನು. ಮಲ್ಲು ಮೆಲ್ಲಗೆ ತನ್ನ ಲ್ಯಾಪ್‌ಟಾಪನ್ನು ಮುಚ್ಚಿದ.

ಮರುದಿನ ಒಂದನ್ನು ಬಿಟ್ಟು ಉಳಿದೆಲ್ಲ ಲ್ಯಾಪ್‌ಟಾಪುಗಳ ಕ್ಯಾಮೆರಾಗಳಿಗೆ ಹಣೆಗೆ ಅಂಟಿಸುವ ಟಿಕಳಿ ಅಂಟಿಸಲಾಗಿತ್ತು. ಕೆಂಪು, ಹಸಿರು, ಕಲ್ಲು ಕೂಡಿಸಿದ್ದು, ಹಾವಿನಂತೆ ಉದ್ದಕ್ಕಿದ್ದದ್ದು. ಹುಡುಗರೆಲ್ಲ ಅಕ್ಕತಂಗಿಯರ ಟಿಕಳಿ ತಂದಿದ್ದರು. ಅಕ್ಕತಂಗಿಯರಿಲ್ಲದ ಮಲ್ಲು ರೊಟ್ಟಿ ಹಿಟ್ಟು ಮೆತ್ತಿಕೊಂಡು ಬಂದಿದ್ದ. ನಾನು ಟಿಕಳಿಗಳ ಸುದ್ದಿ ತೆಗೆಯದೆ ಲೆಕ್ಕ ಶುರುಮಾಡಿದೆ. ಆ ಸಂಜೆ ನನಗೆ ಬಂದ ಮಕ್ಕಳ ಫೋಟೊಗಳೆಲ್ಲ ಬರೀ ಕತ್ತಲೆ. ಆದರೆ ಪರದೆಯ ಚೌಕಗಳು ಇದ್ದವಲ್ಲ, ಮಕ್ಕಳು ಅದನ್ನೂ ಊಹಿಸಿದ್ದರು. ಆರು ಗಂಟೆಗೆ ಒಂದು ಚೌಕದಲ್ಲಿ ದೊಡ್ಡ ಅಕ್ಷರಗಳು ಮೂಡಿದವು: "ಅಕ್ಕೋರ, ಚಾ ಆತೇನ್ರಿ?" ಇನ್ನೊಂದರಲ್ಲಿ: "ನಮ್ಮ ಮನ್ಯಾಗ ಇವತ್ತ ಪುಂಡಿಪಲ್ಯ. ನಿಮ್ಮನ್ಯಾಗ ಏನ್ರಿ?" ಮಲ್ಲು ಇಡೀ ಪುಟದ ತುಂಬ ಬರೆದಿದ್ದ: "ನಾ ಓದಾಕತ್ತೇನ್ರಿ. ನೋಡಬ್ಯಾಡ್ರಿ, ನಾಚಿಕಿ ಬರ್ತೈತಿ."

ನಕ್ಕು ನಕ್ಕು ನನ್ನ ಕಣ್ಣಲ್ಲಿ ನೀರು ಬಂತು. ನಗು ನಿಂತ ಮೇಲೆ ಹೊಳೆಯಿತು. ಎರಡು ತಿಂಗಳಲ್ಲಿ ಮೊದಲ ಸಲ ಆ ಚೌಕಗಳಿಂದ ಮಕ್ಕಳು ನನ್ನ ಜೊತೆ ಮಾತಾಡಿದ್ದರು. ಅಲ್ಲಿಯವರೆಗೆ ನಾನು ಅವರನ್ನು ಕದ್ದು ನೋಡುತ್ತಿದ್ದೆ, ಅಷ್ಟೇ. ಲ್ಯಾಪ್‌ಟಾಪ್ ಮುಚ್ಚಿದೆ. ಮತ್ತೆ ಸಂಜೆಯ ಹೊತ್ತು ಅದನ್ನು ತೆರೆಯಲಿಲ್ಲ.

ಕಂಪನಿಯವರಿಗೂ ವಾರಕ್ಕೊಮ್ಮೆ ವರದಿ ಹೋಗುತ್ತಿತ್ತಂತೆ. ಅಲ್ಲಿಂದ ಹೆಡ್‌ಮಾಸ್ತರಿಗೆ ಪತ್ರ ಬಂತು. ಕ್ಯಾಮೆರಾಗಳನ್ನು ಮುಚ್ಚಲಾಗಿದೆ, ಸರಿಪಡಿಸದಿದ್ದರೆ ಲ್ಯಾಪ್‌ಟಾಪುಗಳನ್ನು ವಾಪಸ್ಸು ಪಡೆಯಬೇಕಾಗುತ್ತದೆ. ಹೆಡ್‌ಮಾಸ್ತರು ಪತ್ರ ಹಿಡಿದು ನೇರ ತರಗತಿಗೇ ಬಂದರು. "ಇವೆಲ್ಲಾ ಈಗಿಂದೀಗ ತಗೀರಿ," ಎಂದರು.

ಭಾಗ್ಯಶ್ರೀ ಎದ್ದು ನಿಂತಳು. "ಸಾಲ್ಯಾಗ ಇದ್ದಾಗ ತಗೀತೇವ್ರಿ ಸರ್. ಮನಿಗೆ ಹೋದಮ್ಯಾಲೆ ಹಚ್ತೇವ್ರಿ."

"ಯಾರು ಕಲಿಸ್ಯಾರ ನಿನಗ ಇದನ್ನ?"

"ಯಾರೂ ಕಲಿಸಿಲ್ರಿ. ನಮ್ಮವ್ವ ಜಳಕಾ ಮಾಡಿ ಅದರ ಮುಂದನ ಹಾದು ಬರ್ತಾಳ್ರಿ."

ಹೆಡ್‌ಮಾಸ್ತರು ಪತ್ರವನ್ನು ಮಡಿಸಿ ಜೇಬಿಗೆ ಹಾಕಿಕೊಂಡರು. ಆಮೇಲೆ, "ಶನಿವಾರ ಎಲ್ಲಾರ ತಂದಿತಾಯಿನ್ನ ಕರಕೊಂಡು ಬರ್ರಿ," ಎಂದಷ್ಟೇ ಹೇಳಿ ಹೋದರು.

ಶನಿವಾರ ಅರ್ಧ ದಿನದ ಶಾಲೆ ಮುಗಿದ ಮೇಲೆ ಸಭೆ. ಹೊರಗೆ ಜಿಟಿಜಿಟಿ ಮಳೆ, ಒಳಗೆ ತೊಯ್ದ ಕಂಬಳಿಗಳ ವಾಸನೆ. ಮುಂದಿನ ಸಾಲಿನಲ್ಲಿ ಭಾಗ್ಯಶ್ರೀಯ ಅಜ್ಜಿ ಗಂಗವ್ವ ಕೂತಿದ್ದಳು. ಹಳೆಯ ಊರು ಹಿನ್ನೀರಿನಲ್ಲಿ ಮುಳುಗುವ ಮೊದಲಿನಿಂದಲೂ ಮೊಸರಿನ ಗಡಿಗೆ ಹೊತ್ತು ಮನೆಮನೆ ತಿರುಗಿದವಳು. ಎಲ್ಲರೂ ಅವಳನ್ನು ಆಯಿ ಎನ್ನುತ್ತಿದ್ದರು.

ಹೆಡ್‌ಮಾಸ್ತರು ಸಮಾಧಾನದಿಂದಲೇ ಮಾತಾಡಿದರು. ಮಕ್ಕಳ ಒಳ್ಳೆಯದಕ್ಕೇ ಈ ಏರ್ಪಾಡು, ದಾನಿಗಳು ಬೇಸರಗೊಂಡರೆ ಲ್ಯಾಪ್‌ಟಾಪೇ ಹೋಗುತ್ತದೆ ಎಂದರು. ಹಿಂದಿನಿಂದ ಒಬ್ಬ ತಂದೆ, "ನೋಡಲಿ ಬಿಡ್ರಿ ಸರ್. ಹಂಗರೆ ಓದ್ತಾವು," ಎಂದ. ನಾಲ್ಕಾರು ತಲೆಗಳು ಹೌದೆಂದು ಆಡಿದವು. ಮಕ್ಕಳು ಬಾಗಿಲ ಬಳಿ ಗುಂಪಾಗಿ ನಿಂತು ಕೇಳುತ್ತಿದ್ದರು. ಲ್ಯಾಪ್‌ಟಾಪ್ ಕೈಬಿಟ್ಟು ಹೋಗುತ್ತದೆ ಎಂಬ ಹೆದರಿಕೆ ಅವರ ಮುಖದಲ್ಲಿತ್ತು. ಅವರನ್ನು ನೋಡಿದ ಮೇಲೆ ನನಗೆ ಕೂತಿರಲಾಗಲಿಲ್ಲ. ನನ್ನ ಕೆಲಸ ಹೆಡ್‌ಮಾಸ್ತರರ ಒಂದು ಮಾತಿನ ಮೇಲೆ ನಿಂತಿತ್ತು. ಆದರೂ ಎದ್ದು ನಿಂತೆ.

"ನೋಡೂ ಕೆಲಸ ಮಾಡಿದಾಕಿ ನಾನು," ಎಂದೆ. "ಹುಡುಗ್ರನ್ನ ಅಷ್ಟ ಅಲ್ರಿ. ನಿಮ್ಮ ಮನಿನೂ ನೋಡೇನಿ. ನಿಮಗ ಹೇಳಲಾರದ ನೋಡೇನಿ. ತಪ್ಪಾಗೈತಿ."

ಸಭೆಯಲ್ಲಿ ಗುಸುಗುಸು ಎದ್ದಿತು. ಗಂಗವ್ವ ಕೈಯೆತ್ತಿ ಎಲ್ಲರನ್ನೂ ಸುಮ್ಮನಾಗಿಸಿದಳು. "ನಮ್ಮ ಮನ್ಯಾಗ ಏನು ನೋಡಿದಿ ಹೇಳವಾ," ಎಂದು ಕೇಳಿದಳು.

"ಕರಾ ನೋಡಿದೆ ಆಯಿ. ಒಮ್ಮೆ ನೀವು ಒಬ್ರ ಕುಂತು ಅಳಾಕತ್ತಿದ್ರಿ. ಅದನ್ನೂ ನೋಡಿದೆ."

ಗಂಗವ್ವ ಸೆರಗು ಸರಿಮಾಡಿಕೊಂಡಳು. ಸಿಟ್ಟು ಬಂದಂತೆ ಕಾಣಲಿಲ್ಲ. ಯೋಚಿಸುತ್ತಿದ್ದಳು. "ನಾ ಐವತ್ತು ವರ್ಷ ಮಂದಿ ಮನಿಗೆ ಮೊಸರು ಕೊಟ್ಟೇನಿ," ಎಂದಳು. "ಎಷ್ಟ ಗುರುತಿನವರಿರಲಿ, ಬಾಗಲಾಗ ನಿಂತು, ಯವ್ವಾ ಬಂದೇನಿ ಅಂತ ಕೂಗಿದ ಮ್ಯಾಲೆನ ಒಳಗ ಹೋಗೇನಿ. ಇದು ಕೂಗಲಿಲ್ಲ. ಅಷ್ಟ ನಂದು ತಕರಾರು."

'ನೋಡಲಿ ಬಿಡ್ರಿ' ಎಂದಿದ್ದ ತಂದೆ ನೆಲ ನೋಡತೊಡಗಿದ. ಆಗ ಹೆಡ್‌ಮಾಸ್ತರು, ಏನೋ ಹೊಳೆದವರಂತೆ, ನನ್ನ ಕಡೆ ತಿರುಗಿದರು. "ಟೀಚರ್, ನನಗೂ ಒಂದು ಕೊಟ್ಟಾರಲ್ಲ. ಅದೂ ನಿಮಗ ಕಾಣಸ್ತೈತೇನು?"

"ಹೌದ್ರಿ ಸರ್. ಕಟ್ಟಕಡೀದು, ಮೂವತ್ತೊಂದನೇ ಚೌಕ."

"ಏನು ಕಾಣಿಸ್ತು?"

"ಇಲ್ಲಿ ಬ್ಯಾಡ್ರಿ ಸರ್."

"ಹೇಳ್ರಿ. ಅವರದು ಹೇಳಿದ್ರಲ್ಲ."

"ಸಂಜಿಕ್ಕ ಬನಿಯನ್ ಮ್ಯಾಲೆ ಕುಂತು ಹಾರ್ಮೋನಿಯಂ ಬಾರಸ್ತೀರಿ ಸರ್. ಕಣ್ಣು ಮುಚ್ಚಿಕೊಂಡು, ಬಾಯಿ ದೊಡ್ಡದು ತಗದು."

ಮೊದಲು ನಕ್ಕವನು ಮಲ್ಲು. ಆಮೇಲೆ ಇಡೀ ಸಭೆ. ಹೆಡ್‌ಮಾಸ್ತರರ ಕಿವಿ ಕೆಂಪಾದವು. ಅವರು ಹಾಡುತ್ತಾರೆಂಬುದೇ ಊರಿಗೆ ಗೊತ್ತಿರಲಿಲ್ಲ. ನಗು ಇಳಿಯುವವರೆಗೆ ಕಾದು ನಿಂತು, ತಗ್ಗಿದ ದನಿಯಲ್ಲಿ ಕೇಳಿದರು: "ಧ್ವನಿ ಕೇಳಸ್ತಿತ್ತೇನು?"

"ಇಲ್ರಿ ಸರ್. ಬರೇ ಫೋಟೋ."

"ಅದೊಂದು ಉಳೀತು," ಎಂದರು ಅವರು. ಈ ಸಲ ತಾವೂ ನಕ್ಕರು.

ಆ ಸಂಜೆಯೇ ಅವರು ದಾನಿಗಳಿಗೆ ತಮ್ಮ ಕೈಯಾರೆ ಎರಡು ಪುಟದ ಪತ್ರ ಬರೆದರು. ವಾರವಾಯಿತು, ಉತ್ತರ ಬರಲಿಲ್ಲ. ಮಕ್ಕಳು ಅಷ್ಟೂ ದಿನ ಲ್ಯಾಪ್‌ಟಾಪುಗಳನ್ನು ಯಾರೋ ಈಗಲೇ ಬಂದು ಕಸಿದುಕೊಳ್ಳುತ್ತಾರೆ ಎಂಬಂತೆ ಎದೆಗೆ ಅಪ್ಪಿಕೊಂಡೇ ತಿರುಗಾಡಿದರು. ಕೊನೆಗೆ ಫೋನು ಬಂತು. ಆ ಕಡೆಯ ಹೆಣ್ಣುಮಗಳು, ಕ್ಯಾಮೆರಾ ಮನೆಯಲ್ಲೂ ಫೋಟೊ ತೆಗೆಯುತ್ತದೆ ಎಂಬುದು ತಮಗೇ ತಿಳಿದಿರಲಿಲ್ಲ, ಕಂಪನಿಯವರು ಮಾರುವಾಗ ಎಲ್ಲವನ್ನೂ ಸೇರಿಸಿಯೇ ಕೊಟ್ಟಿದ್ದರು ಎಂದರಂತೆ. ವಿಜಯಪುರದ ಅದೇ ಯುವಕ ಮತ್ತೆ ಬಂದು, ಶಾಲೆ ಬಿಟ್ಟ ಮೇಲೆ ಏನೂ ಕಾಣದಂತೆ, ಫೋಟೊ ಎಂದೂ ತೆಗೆಯದಂತೆ ಮಾಡಿಕೊಟ್ಟ. ತೆಗೆದಿದ್ದ ಫೋಟೊಗಳನ್ನು ಮಕ್ಕಳ ಎದುರೇ ಅಳಿಸಿದ. ಮಕ್ಕಳು ಕೂತು ಕನ್ನಡದಲ್ಲಿ ಒಂದು ಪುಟದ ಹೊಸ ಕಾಗದ ಬರೆದರು. ಏನು ನೋಡಬಹುದು, ಏನು ನೋಡಬಾರದು, ನೋಡಿದರೆ ಮೊದಲು ಹೇಳಬೇಕು. ಅದನ್ನು ಮನೆಯಲ್ಲಿ ಗಟ್ಟಿಯಾಗಿ ಓದಿ ಹೇಳಿ ಸಹಿ ಮಾಡಿಸಿಕೊಂಡು ಬಂದರು. ಮೊದಲ ಸಹಿ ಹೆಡ್‌ಮಾಸ್ತರರದು. ಟಿಕಳಿಗಳನ್ನು ಮಾತ್ರ ಯಾರೂ ತೆಗೆಯಲಿಲ್ಲ. ಚಂದ ಕಾಣುತ್ತವೆ ಎಂದರು.

ಕಾಗದದ ಕೊನೆಯ ಸಾಲು ಗಂಗವ್ವ ಹೇಳಿ ಬರೆಸಿದ್ದು. ಮನೆ ನೋಡಬೇಕೆಂದವರು ಮನೆಗೆ ಬರಬೇಕು.

ನಾನು ಹೋದೆ. ಐದರಿಂದ ಏಳರವರೆಗಿನ ಆ ಹೊತ್ತಿಗೆ ದಿನಕ್ಕೊಂದು ಮನೆ. ಸೆಪ್ಟೆಂಬರ್, ಅಕ್ಟೋಬರ್ ಪೂರ್ತಿ ಹೀಗೇ ಕಳೆದವು. ನನ್ನ ಬದುಕಿನ ಅತಿ ಸುಖದ ದಿನಗಳಲ್ಲಿ ಅವೂ ಸೇರಿವೆ. ಮಳೆ ತೊಳೆದ ದಾರಿ, ಎರಡೂ ಕಡೆ ಎದೆಯೆತ್ತರದ ತೊಗರಿ, ಕಬ್ಬಿನ ಹೊಲಗಳಿಂದ ಬರುವ ತಂಪು ಗಾಳಿ. ನಾನು ಬರುತ್ತೇನೆಂದು ಎಲ್ಲ ಮನೆಗಳಲ್ಲೂ ಏನಾದರೊಂದು ಮಾಡಿರುತ್ತಿದ್ದರು. ಒಂದು ಮನೆಯಲ್ಲಿ ಶೇಂಗಾ ಹೋಳಿಗೆ, ಇನ್ನೊಂದರಲ್ಲಿ ಬಿಸಿ ರೊಟ್ಟಿ, ಬೆಣ್ಣೆ. ಮಲ್ಲುವಿನ ಮನೆಯಲ್ಲಿ ಅವನ ತಾಯಿ ಗೋಡೆಯ ತುಂಬ ಅವನು ಇದ್ದಿಲಿನಲ್ಲಿ ಬರೆದ ಎಮ್ಮೆಗಳನ್ನು ತೋರಿಸಿದಳು. ಒಂದೊಂದು ಎಮ್ಮೆಗೂ ಒಂದೊಂದು ಮುಖಭಾವ. ಈ ಹುಡುಗ ಚಿತ್ರ ಬರೆಯುತ್ತಾನೆಂಬುದು ನನಗೆ ತಿಳಿದದ್ದು ಆಗಲೇ. ಅವನು ಬಾಗಿಲ ಹಿಂದೆ ಅಡಗಿ ನಿಂತಿದ್ದ. ಹೆಡ್‌ಮಾಸ್ತರು ಕೂಡ ಒಮ್ಮೊಮ್ಮೆ ಜೊತೆಗೆ ಬರತೊಡಗಿದರು. ಯಾರ ಮನೆಗೆ ಹೋದರೂ, "ಸರ್, ಒಂದು ಹಾಡು ಹಾಡ್ರಲ್ಲ," ಎನ್ನುತ್ತಿದ್ದರು. ಹೆಡ್‌ಮಾಸ್ತರು ಮೊದಮೊದಲು ಒಲ್ಲೆ ಎನ್ನುತ್ತಿದ್ದರು. ದೀಪಾವಳಿ ಹೊತ್ತಿಗೆ ಯಾರಾದರೂ ಕೇಳಲಿ ಎಂದು ಕಾಯುತ್ತಿದ್ದರು. ಕಂಠ ಸಾಧಾರಣ, ಹುರುಪು ಬಹಳ.

ಗಂಗವ್ವನ ಮನೆಗೆ ಮಾತ್ರ ನಾನು ಮತ್ತೆ ಮತ್ತೆ ಹೋಗುತ್ತಿದ್ದೆ. ನವೆಂಬರಿನ ಒಂದು ಸಂಜೆ ಗಂಗವ್ವ, ಭಾಗ್ಯಶ್ರೀ, ನಾನು ಮೂವರೂ ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದೆವು. ಗಂಗವ್ವ, "ಅಮಾಸಿ ಎಂದ ಐತಿ ನೋಡ," ಎಂದು ಮೊಮ್ಮಗಳಿಗೆ ಹೇಳಿದಳು. ಭಾಗ್ಯಶ್ರೀ ಒಳಗೆ ಹೋಗಿ ಗೋಡೆಯ ಕ್ಯಾಲೆಂಡರಿಗೆ ಮೂಗು ತಾಗುವಷ್ಟು ಹತ್ತಿರ ಮುಖವಿಟ್ಟು ನೋಡಿದಳು. ನನ್ನ ಕೈ ನಿಂತಿತು.

"ಭಾಗ್ಯಾ, ಸಾಲ್ಯಾಗ ಬೋರ್ಡ್ ಮ್ಯಾಲೆ ಬರದದ್ದು ಕಾಣಸ್ತೈತಿಲ್ಲ ನಿನಗ?"

"ಕೇಳಸ್ತೈತ್ರಿ," ಎಂದಳು ಅವಳು. "ನೀವು ಬರಕೋತ ಹೇಳ್ತೀರಲ್ರಿ."

ಅವಳ ಚೌಕದಲ್ಲಿ ಅಕ್ಷರಗಳು ಯಾವಾಗಲೂ ದೊಡ್ಡದಾಗಿರುತ್ತಿದ್ದವು. ಪುಟ ವ್ಯರ್ಥ ಮಾಡುತ್ತಾಳೆ ಎಂದುಕೊಂಡಿದ್ದೆ. ಫೋಟೊಗಳಲ್ಲಿ ಅವಳು ಹುಬ್ಬು ಗಂಟಿಕ್ಕಿ ಮುಂದಕ್ಕೆ ಬಾಗಿರುತ್ತಿದ್ದಳು. ಎಷ್ಟು ಮನಸ್ಸಿಟ್ಟು ಓದುತ್ತಾಳೆ ಎಂದು ಮೆಚ್ಚಿದ್ದೆ. ಎರಡು ತಿಂಗಳು ದಿನವೂ ಅವಳ ಮುಖ ನೋಡಿದ್ದೆ, ಅವಳಿಗೆ ದೂರದ್ದು ಕಣ್ಣಿಗೆ ಕಾಣುವುದಿಲ್ಲ ಎಂಬುದನ್ನು ನೋಡಿರಲಿಲ್ಲ.

"ಮನ್ಯಾಗ ಯಾಕ ಹೇಳಲಿಲ್ಲವಾ?" ಎಂದೆ.

"ಎಲ್ಲಾರಿಗೂ ಹಿಂಗ ಕಾಣಸ್ತೈತಿ ಅಂತ ತಿಳಕೊಂಡಿದ್ನಿರಿ."

ಮುಂದಿನ ರವಿವಾರವೇ ಅವಳನ್ನು ಕರೆದುಕೊಂಡು ನಾನು, ಗಂಗವ್ವ ಬಸವನ ಬಾಗೇವಾಡಿಗೆ ಹೋದೆವು. ಕಣ್ಣು ಪರೀಕ್ಷೆಯಾಗಿ, ವಾರ ಬಿಟ್ಟು ಮತ್ತೆ ಹೋಗಿ ಚಷ್ಮಾ ತಂದೆವು. ಅಂಗಡಿಯಲ್ಲಿ ಅದನ್ನು ಹಾಕಿಕೊಂಡವಳೇ ಭಾಗ್ಯಶ್ರೀ ಬಾಗಿಲಿಗೆ ಬಂದು ನಿಂತಳು. ರಸ್ತೆಯ ಆಚೆಯ ಫಲಕಗಳನ್ನು ಒಂದೊಂದಾಗಿ ಪಿಸುಗುಟ್ಟುತ್ತ ಓದಿದಳು. ಆಮೇಲೆ ನನ್ನ ಕಡೆ ತಿರುಗಿ, ಬಹಳ ಗಂಭೀರವಾಗಿ, "ಅಕ್ಕೋರ, ನಿಮ್ಮ ಗಲ್ಲದ ಮ್ಯಾಲೆ ಮಚ್ಚಿ ಐತ್ರಿ," ಎಂದಳು. ನನಗೆ ನಾಚಿಕೆಯಾಗಿ ಕೈ ಗಲ್ಲಕ್ಕೆ ಹೋಯಿತು.

ಊರಿಗೆ ಬಂದಿಳಿದಾಗ ಇನ್ನೂ ಬಿಸಿಲಿತ್ತು. ಮನೆಗೆ ಹೋಗೋಣವೆಂದರೆ ಅವಳು ಕೇಳಲಿಲ್ಲ, ಸೇತುವೆಗೆ ಹೋಗಬೇಕೆಂದಳು. ಮೂವರೂ ನಡೆದೆವು. ಹಿನ್ನೀರು ಕಂಠಮಟ್ಟ ತುಂಬಿತ್ತು. ದೂರದಲ್ಲಿ ಮೀನುಗಾರರ ಎರಡು ದೋಣಿ, ಆಚೆ ದಡದಲ್ಲಿ ಬೆಳ್ಳಕ್ಕಿಗಳ ಸಾಲು. ಗಂಗವ್ವ ಸೇತುವೆಯ ಕಟಾಂಜನಕ್ಕೆ ಆತುಕೊಂಡು, ಸೆರಗು ಗಾಳಿಗೆ ಹಾರದಂತೆ ಬಾಯಲ್ಲಿ ಕಚ್ಚಿ ಹಿಡಿದು, ನೀರಿನ ನಡುವೆ ಒಂದು ಕಡೆ ಬೆರಳು ಮಾಡಿದಳು.

"ಅಲ್ಲಿ ನೋಡ. ನಾ ಯಾವಾಗಲೂ ತೋರಸ್ತಿದ್ನಲ್ಲ. ನಮ್ಮ ಹಳೀ ಮನಿ."

ಸಣ್ಣಂದಿನಿಂದಲೂ ಅಜ್ಜಿ ಹಾಗೆ ತೋರಿಸಿದಾಗಲೆಲ್ಲ ತಾನು ಹೂಂ ಎಂದುಬಿಡುತ್ತಿದ್ದುದಾಗಿ, ಆ ಮನೆಯೊಂದು ಮಾತ್ರ ತನಗೊಬ್ಬಳಿಗೇ ಕಾಣುತ್ತಿಲ್ಲವೇನೋ ಎಂದು ಹೆದರುತ್ತಿದ್ದುದಾಗಿ ಭಾಗ್ಯಶ್ರೀ ಬಸ್ಸಿನಲ್ಲಿ ನನ್ನ ಕಿವಿಯಲ್ಲಿ ಹೇಳಿದ್ದಳು. ಈಗ ಚಷ್ಮಾ ಸರಿಮಾಡಿಕೊಂಡು, ಎರಡೂ ಕೈ ಹಣೆಗೆ ಅಡ್ಡ ಹಿಡಿದು, ಆ ಬೆರಳಿನ ನೇರಕ್ಕೆ ನೋಡಿಯೇ ನೋಡಿದಳು.

"ಆಯಿ, ಅಲ್ಲೇನೂ ಇಲ್ಲಲ್ಲ. ಬರೇ ನೀರೈತಿ."

"ಮತ್ತ?" ಎಂದಳು ಗಂಗವ್ವ. "ಇಷ್ಟ ವರ್ಷ ನಾ ಏನು ಹೇಳಾಕತ್ತೇನಿ? ಅಲ್ಲಿ ಇತ್ತು, ಈಗ ಬರೇ ನೀರೈತಿ ಅಂತನ ಹೇಳಾಕತ್ತೇನಿ."

ಭಾಗ್ಯಶ್ರೀ ಅಜ್ಜಿಯ ಮುಖ ನೋಡಿದಳು, ನೀರು ನೋಡಿದಳು, ಆಮೇಲೆ ನಗತೊಡಗಿದಳು. ಹೊಟ್ಟೆ ಹಿಡಿದುಕೊಂಡು, ಸೇತುವೆಯ ಮೇಲೆ ಕುಕ್ಕರುಗಾಲಲ್ಲಿ ಕೂತು ನಕ್ಕಳು. ಗಂಗವ್ವನ ಬಾಯಿಂದ ಸೆರಗು ಜಾರಿ ಗಾಳಿಗೆ ಹಾರಿತು. ಅದನ್ನು ಹಿಡಿಯಲು ನಾನು ಓಡಬೇಕಾಯಿತು.